ಧರೆಯ ಬಿಲದಲ್ಲಿ ಮೊಟ್ಟೆಗಂಟು ಅವುಚಿಕೊಂಡು ಕೂತ ತಾಯಿ

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳ್ಳಿ. ತೋಟಕ್ಕಿಳಿಯುವ ದಾರಿ ಅಗಲ ಮಾಡಲು ಧರೆ, ಅಂದರೆ ದಾರಿ ಬದಿಯ ಮಣ್ಣಿನ ಗೋಡೆ, ಕಡಿಸುತ್ತಿದ್ದೆವು. ಹಾರೆ ಬಿದ್ದ ಜಾಗಕ್ಕಿಂತ ಒಂದು ಗೇಣು ಮೇಲೆ ಬಿಲವೊಂದು ಕಂಡಿತು. ಅದರ ಬಾಯಿ ಸುತ್ತ ಬಿಳಿ ನೂಲಿನ ಅಂಚು. ಟಾರ್ಚು ಬಿಟ್ಟು ನೋಡಿದರೆ ಅಂಗೈಯಷ್ಟು ದೊಡ್ಡ, ಮೈತುಂಬ ಕೂದಲಿನ ಜೇಡ. ಸುಲಿಯದ ಅಡಿಕೆಯಷ್ಟು ದೊಡ್ಡ ಬಿಳಿ ಉಂಡೆಯೊಂದನ್ನು ಅವುಚಿಕೊಂಡು ಕೂತಿತ್ತು. ಕೆಲಸದವರು ಸೀಮೆಎಣ್ಣೆ ಸುರಿದು ಬೆಂಕಿ ಕೊಡೋಣ ಅಂದರು, ನಾನು ಬೇಡವೆಂದೆ. ಮರುದಿನ ಬೆಳಗ್ಗೆ ಬಿಸಿಲು ಬಿದ್ದ ಹೊತ್ತಿಗೆ ಅದು ಉಂಡೆಯನ್ನು ಬಿಲದ ಬಾಯಿಗೇ ತಂದಿಟ್ಟುಕೊಂಡಿತ್ತು. ಮಧ್ಯಾಹ್ನಕ್ಕೆ ಮತ್ತೆ ಒಳಗೆ. ಹಿಂದಿನ ದಿನ ಉಂಡೆಯ ನೆತ್ತಿಯ ಮೇಲೆ ಕೆಂಪು ಮಣ್ಣಿನ ಕಲೆಯೊಂದಿತ್ತು, ಸಂಜೆ ನೋಡಿದರೆ ಆ ಕಲೆ ಅಡಿಗೆ ಹೋಗಿತ್ತು. ಅದು ಮೊಟ್ಟೆಯೇ? ಅದನ್ನು ಹಾಗೆ ಹೊತ್ತು ತಿರುಗುವುದೇಕೆ? ಮರಿಯಾದರೆ ನೂರಾರು ಜೇಡ ಮನೆಗೆ ನುಗ್ಗುತ್ತವೆಯೇ? ಉಂಡೆಯನ್ನು ಮೆಲ್ಲಗೆ ತೆಗೆದು ಸೊಪ್ಪಿನ ಬೆಟ್ಟದಲ್ಲಿ ಇಟ್ಟು ಬಂದರೆ ಆದೀತೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ಈಗಲೇ ಗೊತ್ತಾಗಬೇಕಾದದ್ದು. ಉಂಡೆಯನ್ನು ದಯವಿಟ್ಟು ಮುಟ್ಟಬೇಡಿ. ಬೆಟ್ಟದಲ್ಲಾಗಲಿ, ಮನೆಯ ಹಿತ್ತಿಲಲ್ಲಾಗಲಿ, ತಾಯಿಯಿಂದ ಬೇರೆ ಮಾಡಿ ಇಟ್ಟರೆ ಅದರೊಳಗಿನ ಜೀವ ಉಳಿಯುವುದಿಲ್ಲ. ಧರೆಯ ಆ ಭಾಗದ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ಎಷ್ಟು ದಿನ ಎನ್ನುವುದನ್ನು ಮುಂದೆ ಹೇಳುತ್ತೇನೆ.

ನೀವು ನೋಡಿದ್ದು ಮೊಟ್ಟೆಗಂಟೇ. ಅದನ್ನು ಅವುಚಿಕೊಂಡಿದ್ದವಳು ಟಾರಂಟುಲಾ ಜಾತಿಯ ಹೆಣ್ಣು. ಉತ್ತರ ಕನ್ನಡದ ಕೆಂಪು ಮಣ್ಣಿನ ಧರೆ, ನೂಲಿನ ಅಂಚು ಕಟ್ಟಿದ ಬಿಲ, ಅಂಗೈಯಷ್ಟು ದೊಡ್ಡ ಮೈ, ಇಷ್ಟನ್ನೂ ಸೇರಿಸಿ ನೋಡಿದರೆ ಅದು ಥ್ರಿಗ್ಮೊಪಿಯಸ್ ಎಂಬ ಕುಲದ್ದೇ ಇರಬಹುದು ಅನಿಸುತ್ತದೆ. ಈ ಕುಲಕ್ಕೆ 1899ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೋಕಾಕ್. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಈ ಜೇಡಗಳಿಲ್ಲ. ನಿಮ್ಮ ತೋಟದ ದಾರಿಯ ಮಗ್ಗುಲಲ್ಲಿ, ನೀವು ದಿನಾ ಹಾಳೆ ಹೊತ್ತು ಓಡಾಡುವ ಜಾಗದಲ್ಲಿ, ಇಂಥದ್ದೊಂದು ಜೀವ ಸಂಸಾರ ಹೂಡಿದೆ. ಕೆಲಸದವರನ್ನು ತಡೆದದ್ದಕ್ಕೆ ನಿಮಗೆ ನನ್ನ ನಮಸ್ಕಾರ.

ಆ ಉಂಡೆ ಹೇಗಾಯಿತು ಎಂಬಲ್ಲಿಂದ ಶುರು ಮಾಡೋಣ. ಬಿಲದ ಕತ್ತಲಲ್ಲಿ ನಡೆಯುವ ಈ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಅಪರೂಪ. ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ ಟಾರಂಟುಲಾಗಳು ಗಾಜಿಗೆ ಆತುಕೊಂಡು ಗೂಡು ಮಾಡಿಕೊಂಡಾಗ ಮಾತ್ರ ಪೂರ್ತಿ ನೋಡಲು ಸಿಗುತ್ತದೆ. ಗಂಡಿನೊಡನೆ ಕೂಡಿದ ಹೆಣ್ಣು ಕೂಡಲೇ ಮೊಟ್ಟೆಯಿಡುವುದಿಲ್ಲ. ಗಂಡಿನ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲಗಳಲ್ಲಿ ತಿಂಗಳುಗಟ್ಟಲೆ ಕಾದಿಟ್ಟುಕೊಳ್ಳುತ್ತದೆ. ಮೊಟ್ಟೆ ಫಲಿಸುವುದು ಹೊರಗೆ ಬೀಳುವ ಹೊತ್ತಿನಲ್ಲಿ. ಅಷ್ಟರೊಳಗೆ ಅದು ಪೊರೆ ಕಳಚಿತೋ, ಆ ಚೀಲಗಳ ಒಳಪದರವೂ ಪೊರೆಯ ಜೊತೆಗೆ ಹೋಗಿಬಿಡುತ್ತದೆ, ಕೂಡಿಟ್ಟದ್ದೆಲ್ಲ ವ್ಯರ್ಥ. ಹಾವು ಪೊರೆ ಬಿಟ್ಟ ಹಾಗೆ ಹೊರಚರ್ಮ ಮಾತ್ರ ಹೋಗುವುದೆಂದು ನಾವು ತಿಳಿದಿರುತ್ತೇವೆ. ಈ ಜೇಡಗಳಲ್ಲಿ ಒಳಗಿನ ಕೆಲವು ಅಂಗಗಳ ಅಸ್ತರಿಯೂ ಹೊಸದಾಗುತ್ತದೆ.

ಕಾಲ ಕೂಡಿಬಂದಾಗ ಹೆಣ್ಣು ಬಿಲದ ತಳವನ್ನು ಚೊಕ್ಕಟ ಮಾಡಿ ನೂಲಿನ ಹಾಸು ನೇಯುತ್ತದೆ. ಹೊಟ್ಟೆಯ ತುದಿಯಲ್ಲಿ ಬೆರಳಿನಂಥ ಎರಡು ಅಂಗಗಳು ಚಾಚಿಕೊಂಡಿರುತ್ತವೆ, ನೂಲು ಬರುವುದು ಅಲ್ಲಿಂದ. ಹೊಟ್ಟೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತ, ಗೋಡೆಗೆ ಸುಣ್ಣ ಬಳಿಯುವವರ ಕೈ ಆಡುವ ಹಾಗೆ, ಪದರದ ಮೇಲೆ ಪದರ ಎಳೆಯುತ್ತದೆ. ಹಾಸು ದಪ್ಪವಾಗಿ ತಟ್ಟೆಯಂತಾದ ಮೇಲೆ ಅದರ ಮೇಲೆ ಮೈ ಬಗ್ಗಿಸಿ ನಿಲ್ಲುತ್ತದೆ. ಹೊಟ್ಟೆಯ ಅಡಿಭಾಗದ ಒಂದು ಸೀಳಿನಿಂದ ಮೊಟ್ಟೆಗಳು ದ್ರವದ ಜೊತೆ ಸುರಿಯುತ್ತವೆ. ಒಂದೊಂದಾಗಿ ಉದುರುವುದಲ್ಲ, ಬೇಯಿಸಿದ ಸಾಬಕ್ಕಿ ಗಂಜಿ ಪಾತ್ರೆಯಿಂದ ಜಾರಿದಂತೆ ಒಂದೇ ರಾಶಿಯಾಗಿ ಇಳಿಯುತ್ತವೆ. ಬಣ್ಣ ತಿಳಿ ಹಳದಿ. ಆಮೇಲೆ ರಾಶಿಯ ಮೇಲೆ ಮತ್ತೊಂದು ಹೊದಿಕೆ ನೇಯ್ದು, ಅಡಿಯ ಹಾಸಿನ ಅಂಚನ್ನು ನೆಲದಿಂದ ಸುತ್ತಲೂ ಬಿಡಿಸಿ, ಮೇಲಕ್ಕೆ ಮಡಚಿ, ಎರಡನ್ನೂ ಸೇರಿಸಿ ಹೊಲಿದ ಹಾಗೆ ಮುಚ್ಚಿ, ಇಡೀ ಗಂಟನ್ನು ಕಾಲುಗಳ ನಡುವೆ ಹೊರಳಿಸುತ್ತ ಹೊರಗಿನಿಂದಲೂ ನೂಲು ಸುತ್ತುತ್ತದೆ. ಅಜ್ಜಿಯಂದಿರು ಬಟ್ಟೆಯ ನಾಲ್ಕು ಮೂಲೆ ಹಿಡಿದು ಅಕ್ಕಿ ಗಂಟು ಕಟ್ಟುತ್ತಿದ್ದರಲ್ಲ, ಅದೇ ಕ್ರಮ. ಎಲ್ಲ ಮುಗಿಯುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ. ಉಬ್ಬಿ ಹೊಳೆಯುತ್ತಿದ್ದ ಹೊಟ್ಟೆ ಗಾಳಿ ಬಿಟ್ಟ ಬಲೂನಿನಂತೆ ಸುಕ್ಕಾಗಿ, ಚಿಕ್ಕದಾಗಿ ಹಿಂದೆ ಜೋತಿರುತ್ತದೆ.

ಒಂದು ಗಂಟಿನಲ್ಲಿ ಎಷ್ಟು ಮೊಟ್ಟೆ? ಜಾತಿಯಿಂದ ಜಾತಿಗೆ ಅಜಗಜಾಂತರ. ಬ್ರೆಜಿಲಿನ ಲಾಸಿಯೊಡೋರಾ ಎಂಬ ದೊಡ್ಡ ಟಾರಂಟುಲಾದ ಗಂಟಿನಲ್ಲಿ 2000 ದಾಟುವುದುಂಟು. ನಮ್ಮ ಮರದ ಪೊಟರೆಗಳಲ್ಲಿರುವ ಪಟ್ಟೆಗಾಲಿನ ಪೊಯಿಸಿಲೊಥೀರಿಯಾ ಜೇಡಗಳಲ್ಲಿ ಸಾಮಾನ್ಯವಾಗಿ ನೂರರ ಆಚೀಚೆ.

ಇಷ್ಟಾದ ಮೇಲೆ ಶುರುವಾಗುವುದು ನೀವು ನೋಡಿದ ಕೆಲಸ. ಅದನ್ನು ಕಾವಲು ಎಂದಷ್ಟೇ ಕರೆದರೆ ಸಾಲದು. ಮೊಟ್ಟೆಗಂಟು ತಿಜೋರಿಯಲ್ಲಿಟ್ಟ ಚಿನ್ನದ ಹಾಗೆ ಸುಮ್ಮನೆ ಕಾಯುತ್ತ ಕೂತರೆ ಉಳಿಯುವ ವಸ್ತುವಲ್ಲ. ದಿನದಿನದ ಆರೈಕೆಯಿಂದ ಮಾತ್ರ ಬದುಕುವ ಕೂಸು. ನೀವು ಗಮನಿಸಿದ ಆ ಕೆಂಪು ಮಣ್ಣಿನ ಕಲೆಯೇ ಇದಕ್ಕೆ ಸಾಕ್ಷಿ. ನೆತ್ತಿಯ ಮೇಲಿದ್ದದ್ದು ಸಂಜೆಗೆ ಅಡಿಗೆ ಹೋಗಿತ್ತು ಅಂದರೆ ತಾಯಿ ಗಂಟನ್ನು ಮಗುಚಿದ್ದಾಳೆ. ಮೊಟ್ಟೆಗಳು ಮೆತ್ತಗೆ, ಒದ್ದೆಯಾಗಿ ಒಂದರ ಮೇಲೊಂದು ಕೂತಿರುತ್ತವೆ. ಹಾಗೇ ಬಿಟ್ಟರೆ ಮೇಲಿನವುಗಳ ಭಾರಕ್ಕೆ ಕೆಳಗಿನವು ಅಪ್ಪಚ್ಚಿಯಾಗಿ ಒಂದಕ್ಕೊಂದು ಅಂಟುತ್ತವೆ. ತೇವ ಅಡಿಯಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ಕಾವಿಗೆ ಕೂತ ಹೇಂಟೆ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆ ಮಗುಚುವುದನ್ನು ಕೋಳಿ ಸಾಕಿದವರೆಲ್ಲ ನೋಡಿರುತ್ತಾರೆ. ಇದೂ ಅದೇ ಬಗೆ. ಟಾರಂಟುಲಾ ಸಾಕುವವರು ತಾಯಿ ಗಂಟನ್ನು ತಿನ್ನಬಹುದೆಂದು ಹೆದರಿ ಅದನ್ನು ತೆಗೆದು ಕೃತಕವಾಗಿ ಕಾವು ಕೊಡುವುದುಂಟು. ಆಗ ಅವರೇ ದಿನಕ್ಕೆ ಹಲವು ಬಾರಿ ಗಂಟನ್ನು ಹೊರಳಿಸಬೇಕಾಗುತ್ತದೆ. ಬೆಟ್ಟದಲ್ಲಿ ತರಗೆಲೆಯ ಮೇಲೆ ಇಟ್ಟು ಬಂದ ಗಂಟನ್ನು ಯಾರು ಮಗುಚುತ್ತಾರೆ?

ಮಗುಚುವ ರೀತಿಯನ್ನು ನೋಡಬೇಕು. ನಾಲ್ಕು ಜೊತೆ ಕಾಲುಗಳ ಮುಂದೆ, ಬಾಯಿಯ ಅಕ್ಕಪಕ್ಕ, ಕಾಲಿನಂತೆಯೇ ಕಾಣುವ ಮೋಟಾದ ಇನ್ನೊಂದು ಜೊತೆ ಅಂಗಗಳಿರುತ್ತವೆ. ಕೈ ಅನ್ನಿ ಬೇಕಾದರೆ. ತಾಯಿ ಗಂಟನ್ನು ಆ ಎರಡು ಕೈಗಳಿಂದ ಎರಡೂ ಬದಿಗೆ ಹಿಡಿದು, ವಿಷದ ಹಲ್ಲುಗಳನ್ನು ಹೊರಪದರಕ್ಕೆ ಮಾತ್ರ ಸಿಕ್ಕಿಸಿ, ಒಂಚೂರು ಎತ್ತಿ, ತನ್ನ ಕಡೆಗೆ ಉರುಳಿಸಿಕೊಳ್ಳುತ್ತದೆ. ಜಿರಲೆಯ ಬೆನ್ನಿನ ಗಟ್ಟಿ ಕವಚ ಒಂದೇ ಏಟಿಗೆ ತೂತು ಮಾಡುವ ಹಲ್ಲು ಅದು. ಅದೇ ಹಲ್ಲು ಇಲ್ಲಿ ನೂಲಿನ ಹೊರಪದರ ದಾಟಿ ಒಳಗಿಳಿಯುವುದಿಲ್ಲ. ನಾನು ಮೊದಲ ಸಲ ಇದನ್ನು ಹತ್ತಿರದಿಂದ ನೋಡಿದಾಗ ಬೆಕ್ಕು ಮರಿಯನ್ನು ಕುತ್ತಿಗೆ ಹಿಡಿದು ಎತ್ತುವುದು ಕಣ್ಣ ಮುಂದೆ ಬಂತು. ಉರುಳಿಸಿದ ಮೇಲೆ ಕೈಯ ತುದಿಯಿಂದ ಗಂಟಿನ ಮೈಯನ್ನು ಅಲ್ಲಲ್ಲಿ ಮುಟ್ಟಿ ಮುಟ್ಟಿ ನೋಡುತ್ತದೆ. ಕಾಲಿನ ಕೂದಲುಗಳಲ್ಲೇ ಸ್ಪರ್ಶ, ಕಂಪನ, ರುಚಿ ಎಲ್ಲ ತಿಳಿಯುವ ಪ್ರಾಣಿ ಇದು. ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಹಾಗಾಗಿ ಗಂಟಿನ ಯೋಗಕ್ಷೇಮ ಅದಕ್ಕೆ ತಿಳಿಯುವುದು ಮುಟ್ಟಿಯೇ.

ಇನ್ನು ಬಿಸಿಲಿಗೆ ತಂದದ್ದು. ಒಳಗಿನ ಮೊಟ್ಟೆ ಬೆಳೆಯಲು ಬೆಚ್ಚಗಿರಬೇಕು, ಹಾಗೆಂದು ಒಣಗಬಾರದು. ಜೇಡನ ಮೈಯಲ್ಲಿ ಕೋಳಿಯ ಹಾಗೆ ಬಿಸಿ ಇಲ್ಲ, ಅಪ್ಪಿ ಕೂತು ಕಾವು ಕೊಡಲಾರದು. ಅದಕ್ಕಿರುವ ಉಪಾಯ ಬಿಲವೊಂದೇ. ಬಿಲದ ಬಾಯಿ ಬೆಳಗಿನ ಬಿಸಿಲಿಗೆ ಬೆಚ್ಚಗಾಗುತ್ತದೆ, ತಳ ಸದಾ ತಂಪಾಗಿ, ತೇವವಾಗಿರುತ್ತದೆ. ಬೆಳಗ್ಗೆ ಬಾಯಿಗೆ, ಬಿಸಿಲು ಏರಿದಾಗ ಒಳಗೆ, ಹೀಗೆ ಗಂಟನ್ನು ಹೊತ್ತು ಮೇಲೆ ಕೆಳಗೆ ಓಡಾಡಿ ಬೇಕಾದ ಹದವನ್ನು ಹುಡುಕಿಕೊಳ್ಳುತ್ತದೆ. ಅಮೆರಿಕದ ಒಣ ಹುಲ್ಲುಗಾವಲುಗಳ ಅಫೊನೊಪೆಲ್ಮಾ ಟಾರಂಟುಲಾಗಳೂ ಬೇಸಿಗೆಯಲ್ಲಿ ಹೀಗೆ ಗಂಟನ್ನು ಬಿಲದ ಬಾಯಿಗೆ ತಂದು ಬಿಸಿಲು ಕಾಯಿಸುತ್ತವೆ. ಅರ್ಕನ್ಸಾ ವಿಶ್ವವಿದ್ಯಾಲಯದ ಡಬ್ಲ್ಯೂ. ಜೆ. ಬೇರ್ಗ್ ಆ ಜೇಡಗಳ ಬದುಕನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಟಾರಂಟುಲಾಗಳ ಬಗ್ಗೆ ಜನರಲ್ಲಿದ್ದ ಹುಸಿ ಭಯ ಕಡಿಮೆಯಾದದ್ದರಲ್ಲಿ ಅವರ ಪಾಲು ದೊಡ್ಡದು. ನೀವು ಒಂದೇ ದಿನ, ಟಾರ್ಚು ಹಿಡಿದು, ಬೆಳಗ್ಗೆ ಮಧ್ಯಾಹ್ನ ಸಂಜೆ ಮೂರು ಹೊತ್ತು ನೋಡಿದಿರಿ. ನಮ್ಮ ಘಟ್ಟದ ಜೇಡಗಳ ವಿಷಯದಲ್ಲಿ ಅಷ್ಟು ನೋಡಿದವರೇ ಕಡಿಮೆ. ಅದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಈ ದಿನಗಳಲ್ಲಿ ತಾಯಿ ಹೆಚ್ಚುಕಮ್ಮಿ ಉಪವಾಸ. ಬೇಟೆಗೆ ಹೊರಗೆ ಬರುವುದಿಲ್ಲ. ಹುಳು ಎದುರಿಗೆ ಬಂದರೂ ಹಿಡಿಯದೆ ದೂರ ತಳ್ಳುವುದನ್ನು ಕಂಡಿದ್ದೇನೆ, ಬಾಯಿಯಲ್ಲಿ ಗಂಟು ಇರುವಾಗ ಹಿಡಿಯುವುದಾದರೂ ಹೇಗೆ? ಕೆಲವು ಜಾತಿಗಳು ಮಧ್ಯೆ ಒಂದೆರಡು ಸಲ ತಿನ್ನುತ್ತವೆ, ಬಹಳಷ್ಟು ತಿನ್ನುವುದಿಲ್ಲ. ಟಾರಂಟುಲಾಗಳಿಗೆ ತಿಂಗಳುಗಟ್ಟಲೆ ಹಸಿದಿರುವ ಶಕ್ತಿಯಿದೆ, ಆದ್ದರಿಂದ ನೀವು ಮರುಕಪಟ್ಟು ಜಿರಲೆ, ಮಿಡತೆ ಹಾಕಲು ಹೋಗಬೇಡಿ. ಬಿಲದೊಳಗೆ ಬಿಟ್ಟ ಜೀವಂತ ಹುಳು ಅದಕ್ಕೆ ಊಟವಾಗುವುದಕ್ಕಿಂತ ಕಾಟವಾಗುವುದೇ ಹೆಚ್ಚು. ಸತ್ತ ಹುಳು ಹಾಕಿದರಂತೂ ಇರುವೆಗಳಿಗೆ ನೀವೇ ದಾರಿ ತೋರಿಸಿದ ಹಾಗೆ. ಮೊಟ್ಟೆಗಂಟಿನ ದೊಡ್ಡ ಶತ್ರು ಇರುವೆಯೇ. ಎಷ್ಟೋ ತಾಯಂದಿರು ಮೊಟ್ಟೆಯಿಟ್ಟ ಮೇಲೆ ಬಿಲದ ಬಾಯಿಯನ್ನು ನೂಲು, ಮಣ್ಣು, ಎಲೆ ಚೂರು ಸೇರಿಸಿ ಮುಚ್ಚಿಕೊಳ್ಳುವುದೂ ಇಂಥ ಕಾಟ ತಪ್ಪಲೆಂದೇ. ನಾಳೆ ಆ ಬಿಲದ ಬಾಯಿ ಮುಚ್ಚಿದ್ದು ಕಂಡರೆ ಒಳಗೆ ಸತ್ತಿದೆಯೆಂದು ಕಡ್ಡಿ ಹಾಕಿ ನೋಡಬೇಡಿ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಜೇಡಗಳ ಅಭ್ಯಾಸ ಶುರುಮಾಡಿದ ಹೊಸದರಲ್ಲಿ, ಕೆಂಪು ಧರೆಯೊಂದರಲ್ಲಿ ಗಂಟು ಹಿಡಿದ ಹೆಣ್ಣೊಂದು ಸಿಕ್ಕಿತ್ತು. ಫೋಟೊ ಚೆನ್ನಾಗಿ ಬರಲೆಂದು ಬಿಲದ ಬಾಯಿಯನ್ನು ಚಾಕುವಿನಿಂದ ನಾಲ್ಕು ಬೆರಳು ಅಗಲ ಮಾಡಿದೆ, ಅಷ್ಟೇ. ಗಂಟನ್ನು ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಗಂಟಿಲ್ಲ. ಬಿಲದ ತಳದಲ್ಲಿ ಅಸ್ತವ್ಯಸ್ತವಾಗಿ ಮುದುಡಿದ, ಒದ್ದೆಯಾದ ನೂಲಿನ ಚಿಂದಿ ಮಾತ್ರ. ತಾಯಿ ಅದರ ಪಕ್ಕದಲ್ಲೇ ಕೂತಿತ್ತು. ಮೊಟ್ಟೆಗಳನ್ನು ತಿಂದುಹಾಕಿತ್ತು. ಗಲಿಬಿಲಿಯಾದಾಗ, ಜಾಗ ಸುರಕ್ಷಿತವಲ್ಲ ಅನ್ನಿಸಿದಾಗ, ಅಥವಾ ಮೊಟ್ಟೆ ಫಲಿಸಿಲ್ಲ, ಕೊಳೆಯುತ್ತಿದೆ ಎಂದಾದಾಗ ಟಾರಂಟುಲಾ ತಾಯಿ ಹೀಗೆ ಮಾಡುತ್ತದೆ. ಕ್ರೂರವೆಂದು ನಮಗೆ ಕಾಣುತ್ತದೆ. ತಿಂಗಳುಗಟ್ಟಲೆ ತಿಂದು ಕೂಡಿಟ್ಟ ಸತ್ವವನ್ನೆಲ್ಲ ಆ ಗಂಟಿನಲ್ಲಿಟ್ಟ ಜೀವಕ್ಕೆ, ಅದು ಹೇಗೂ ಕೈತಪ್ಪುವುದಾದರೆ ಇರುವೆಯ ಪಾಲು ಮಾಡುವ ಬದಲು ತಾನೇ ತಿಂದು ಉಳಿದು ಮುಂದೆ ಮತ್ತೆ ಇಡುವುದೊಂದೇ ದಾರಿ. ತಪ್ಪು ತಾಯಿಯದಲ್ಲ, ನನ್ನ ಚಾಕುವಿನದು. ಆ ದಿನದಿಂದ ಗಂಟು ಹಿಡಿದ ಹೆಣ್ಣು ಕಂಡರೆ ನಾನು ಬಿಲದ ಮಣ್ಣು ಮುಟ್ಟಿಲ್ಲ. ನಿಮ್ಮ ಆಳಿನ ಹಾರೆ ಒಂದು ಗೇಣು ಕೆಳಗೆ ಬಿದ್ದರೂ ನಿಮ್ಮ ತಾಯಿ ಗಂಟನ್ನು ಬಿಟ್ಟಿಲ್ಲ, ತಿಂದಿಲ್ಲ. ಇನ್ನೊಂದು ಸಲ ಅದರ ತಾಳ್ಮೆ ಪರೀಕ್ಷೆ ಮಾಡುವುದು ಬೇಡ.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಟಾರಂಟುಲಾ ತನ್ನ ಹೊಟ್ಟೆಯ ತುರಿಕೆ ಕೂದಲನ್ನು ಉದುರಿಸಿ ಮೊಟ್ಟೆಗಂಟಿನ ನೂಲಿಗೆ ಸೇರಿಸಿ ನೇಯುತ್ತದೆ, ಮುಟ್ಟಿದರೆ ಕೈ ಉರಿಯುತ್ತದೆ ಎಂದು ಓದಲು ಸಿಗುತ್ತದೆ. ಅದು ನಿಜ, ಆದರೆ ಅಮೆರಿಕ ಖಂಡಗಳ ಕೆಲವು ಜಾತಿಗಳಲ್ಲಿ. ದಕ್ಷಿಣ ಅಮೆರಿಕದ ದೈತ್ಯ ಜೇಡ ಥೆರಾಫೋಸಾ ಬ್ಲಾಂಡಿ ಹೀಗೆ ಮಾಡುತ್ತದೆ. ಆ ಕೂದಲು ಬೆರೆತ ನೂಲು ಮೊಟ್ಟೆ ತಿನ್ನಲು ಬರುವ ನೊಣದ ಹುಳುಗಳನ್ನು ತಡೆಯುತ್ತದೆಂದು ಮಾರ್ಷಲ್ ಮತ್ತು ಯೂಟ್ಜ್ ಎಂಬ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಭಾರತದ ಯಾವ ಟಾರಂಟುಲಾಕ್ಕೂ ಆ ತುರಿಕೆ ಕೂದಲಿಲ್ಲ. ನಮ್ಮ ಧರೆಯ ತಾಯಿಗೆ ಗಂಟಿನ ರಕ್ಷಣೆಗೆ ಇರುವುದು ತನ್ನ ಮೈ, ಹಲ್ಲು, ಬಿಲ ಇಷ್ಟೇ. ಹಾಗಾಗಿಯೇ ಅದು ಗಂಟನ್ನು ಬಿಟ್ಟು ಕದಲುವುದಿಲ್ಲ.

ಎಲ್ಲ ಟಾರಂಟುಲಾಗಳೂ ಗಂಟನ್ನು ಹೊತ್ತು ತಿರುಗುತ್ತವೆಂದೂ ಅಲ್ಲ. ಆಫ್ರಿಕದ ಟೆರಿನೊಕೈಲಸ್‌ನಂಥ ಕೆಲವು ಜಾತಿಗಳು ಗಂಟನ್ನು ಉಂಡೆ ಮಾಡುವುದೇ ಇಲ್ಲ, ಗೂಡಿನ ಗೋಡೆಗೆ ತೊಟ್ಟಿಲಂತೆ ಕಟ್ಟಿ ಅದರ ಮೇಲೆ ಕೂತು ಕಾಯುತ್ತವೆ. ಜೇಡಗಳ ಲೋಕದಲ್ಲಿ ತಾಯ್ತನದ ರೀತಿ ಒಂದಲ್ಲ. ನಿಮ್ಮ ಮನೆಯಲ್ಲೇ ನೋಡಿ: ರಾತ್ರಿ ಗೋಡೆಯ ಮೇಲೆ ಚಪ್ಪಟೆ ಮೈಯ ದೊಡ್ಡ ಜೇಡ ಎದೆಯಡಿಗೆ ಬಿಳಿ ನಾಣ್ಯದಂಥದ್ದನ್ನು ಹಿಡಿದುಕೊಂಡು ಓಡುವುದನ್ನು ಕಂಡಿರುತ್ತೀರಿ. ಅದೂ ಮೊಟ್ಟೆಗಂಟೇ. ಬಚ್ಚಲುಮನೆಯ ಮೂಲೆಯಲ್ಲಿ ಉದ್ದ ಸಪೂರ ಕಾಲಿನ ಜೇಡ ಬಾಯಿಯಲ್ಲಿ ಸಣ್ಣ ಗುಲಾಬಿ ಗೊಂಚಲನ್ನು ಕಚ್ಚಿಕೊಂಡು ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಅದು ಮೊಟ್ಟೆಗಳನ್ನು ನಾಲ್ಕು ಎಳೆಯಲ್ಲಿ ಮಾತ್ರ ಸುತ್ತಿ ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಗದ್ದೆಯಂಚಿನ ತೋಳಜೇಡ ಗಂಟನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡು ಓಡಾಡಿ, ಮರಿಯಾದ ಮೇಲೆ ಎಲ್ಲವನ್ನೂ ಬೆನ್ನಿಗೇರಿಸಿಕೊಳ್ಳುತ್ತದೆ. ಟಾರಂಟುಲಾ ಎಂಬ ಹೆಸರು ಮೊದಲು ಇದ್ದದ್ದು ಇಟಲಿಯ ಟಾರಂಟೊ ಊರಿನ ಇಂಥದೇ ಒಂದು ತೋಳಜೇಡಕ್ಕೆ. ಆಮೇಲೆ ಅದು ಈ ಕೂದಲು ಮೈಯ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು.

ಈಗ ಗಂಟಿನ ಒಳಗೇನು ನಡೆಯುತ್ತಿರುತ್ತದೆ ಎನ್ನುವುದು. ಮೂರು ನಾಲ್ಕು ವಾರಕ್ಕೆ ಮೊಟ್ಟೆಯ ತೆಳು ಸಿಪ್ಪೆ ಹರಿದು ಒಂದು ವಿಚಿತ್ರ ರೂಪ ಹೊರಗೆ ಬರುತ್ತದೆ. ದುಂಡನೆ ಮೊಟ್ಟೆಗೇ ಕಾಲು ಮೂಡಿದ ಹಾಗೆ. ಬಿಳಿಚಿಕೊಂಡ, ಕೂದಲಿಲ್ಲದ, ಕಾಲು ಅಲುಗಿಸಿದರೂ ನಡೆಯಲು ಬಾರದ ಕೂಸು. ಬಾಯಿಯಿಂದ ಏನೂ ತಿನ್ನುವುದಿಲ್ಲ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಬಂಡಾರವೇ ಆಹಾರ. ಮತ್ತೆ ಪೊರೆ ಬಿಟ್ಟು, ಕಾಲು ನೀಳವಾಗಿ, ಮೈಗೆ ಬಣ್ಣ ಬಂದು ಮರಿ ಅನ್ನುವ ಹಾಗಾಗಲು ಇನ್ನಷ್ಟು ವಾರ ಬೇಕು. ಎಲ್ಲ ಸೇರಿ ಸುಮಾರು ಆರು ವಾರದಿಂದ ಎರಡು ತಿಂಗಳು, ಚಳಿಯಿದ್ದರೆ ಇನ್ನೂ ತಡ. ನಡುವೆ ಗಂಟಿನ ಆಕಾರವೇ ಬದಲಾಗುತ್ತದೆ. ಮೊದಲು ಬಿಗಿಯಾಗಿ ದುಂಡಗಿದ್ದದ್ದು ಕೊನೆಕೊನೆಗೆ ಸಡಿಲವಾಗಿ, ಹಿಡಿಯಷ್ಟು ಕಾಳು ತುಂಬಿದ ಹಳೆಯ ಕೈಚೀಲದಂತೆ ಜೋಲುತ್ತದೆ. ಮರಿಗಳು ಬಲಿತ ಮೇಲೆ ಗಂಟಿನಲ್ಲಿ ತೂತು ಬೀಳುತ್ತದೆ. ಒಳಗಿನಿಂದ ಮರಿಗಳು ಹರಿಯುತ್ತವೆ, ಎಷ್ಟೋ ಸಲ ತಾಯಿಯೂ ಹೊರಗಿನಿಂದ ಬಿಡಿಸಿಕೊಡುತ್ತದೆ.

ಹೊರಬಂದ ಮರಿಗಳು ಅಂದೇ ಚದುರುವುದಿಲ್ಲ. ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ತಾಯಿಯ ಬಿಲದಲ್ಲೇ, ತಾಯಿಯ ಕಾಲ ಸಂದಿಯಲ್ಲೇ ಇರುತ್ತವೆ. ಸಾಮಾನ್ಯ ದಿನಗಳಲ್ಲಿ ಬಿಲದ ಬಾಯಿಯ ನೂಲು ಅಲುಗಿದರೆ ಸಾಕು, ಹಾರಿ ಬಂದು ಹಿಡಿಯುವ ಬೇಟೆಗಾರ್ತಿ ಅದು. ಅಂಥದ್ದು ತನ್ನ ಮೈಮೇಲೆ ಕಾಳುಮೆಣಸಿನಷ್ಟು ಸಣ್ಣ ಮರಿಗಳು ಹತ್ತಿ ಇಳಿದರೂ ಸುಮ್ಮನಿರುತ್ತದೆ. ನಮ್ಮ ಮರದ ಪೊಟರೆಯ ಪೊಯಿಸಿಲೊಥೀರಿಯಾಗಳು ಈ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ತಾಯಿ ಮತ್ತು ಬೆಳೆಯುತ್ತಿರುವ ಮರಿಗಳು ಒಂದೇ ಪೊಟರೆಯಲ್ಲಿ ತಿಂಗಳುಗಟ್ಟಲೆ ಕೂಡಿ ಬಾಳುವುದುಂಟು. ಒಂಟಿ ಜೀವಿ ಎಂದೇ ಹೆಸರಾದ ಟಾರಂಟುಲಾಗಳಲ್ಲಿ ಇದು ಅಪರೂಪದ ಕೂಡು ಕುಟುಂಬ. ಇಂಗ್ಲಿಷಿನಲ್ಲಿ ಮೈಸೂರಿನ ಹೆಸರು ಹೊತ್ತ ಪೊಯಿಸಿಲೊಥೀರಿಯಾ ಸ್ಟ್ರಿಯಾಟಾ ಕೂಡ ಇದೇ ಕುಲದ್ದು, ಪೋಕಾಕ್ 1895ರಲ್ಲಿ ಹೆಸರಿಟ್ಟದ್ದು. ಹಳೆಯ ಮರ ಬಿದ್ದರೆ ಅದಕ್ಕೆ ಮನೆಯೇ ಇಲ್ಲ.

ನೂರಾರು ಮರಿ ಮನೆಗೆ ನುಗ್ಗುತ್ತವೆಯೇ ಎಂದಿರಿ. ಇಲ್ಲ. ಟಾರಂಟುಲಾ ಮರಿಗಳು ನಡೆದೇ ಹೋಗುತ್ತವೆ, ಕೆಲವು ಜಾತಿಗಳಲ್ಲಿ ಒಂದರ ನೂಲಿನ ಜಾಡು ಹಿಡಿದು ಇನ್ನೊಂದು, ಇರುವೆ ಸಾಲಿನಂತೆ. ಬಹಳ ದೂರ ಹೋಗುವುದಿಲ್ಲ. ಅದೇ ಧರೆಯಲ್ಲಿ ಸಂದಿಗೊಂದಿ ಹುಡುಕಿ, ಪೆನ್ಸಿಲ್ ತುದಿಯಷ್ಟು ಸಣ್ಣ ಬಿಲ ಮಾಡಿಕೊಂಡು ಕೂರುತ್ತವೆ. ನಿಮ್ಮ ಮನೆಯ ಗೋಡೆ, ಅಟ್ಟ ಅವಕ್ಕೆ ಬೇಡ. ಅವಕ್ಕೆ ಬೇಕಾದದ್ದು ತೇವವಿರುವ ಮಣ್ಣು. ಹಲ್ಲಿ, ಇರುವೆ, ಶತಪದಿ, ಹಕ್ಕಿ, ಕಪ್ಪೆ ಎಲ್ಲಕ್ಕೂ ಆಹಾರವಾಗಿ ಕೊನೆಗೆ ದೊಡ್ಡದಾಗುವುದು ಬೆರಳೆಣಿಕೆಯಷ್ಟು. ಹೆಣ್ಣು ಮರಿಯೊಂದು ಬೆಳೆದು ತಾನೂ ತಾಯಾಗಲು ವರ್ಷಗಳೇ ಬೇಕು. ಒಮ್ಮೆ ಬಿಲ ನೆಲೆಯಾದರೆ ಅದೇ ಜಾಗದಲ್ಲಿ ವರ್ಷಾನುಗಟ್ಟಲೆ ಬದುಕುತ್ತದೆ. ಹಲವು ಜಾತಿಯ ಹೆಣ್ಣುಗಳು ಇಪ್ಪತ್ತು ವರ್ಷ ದಾಟುವುದೂ ಉಂಟು. ನಿಮ್ಮ ಧರೆಯ ಆ ಹೆಣ್ಣು ನಿಮ್ಮ ಮಕ್ಕಳು ಶಾಲೆಗೆ ಸೇರುವ ಮೊದಲಿನಿಂದಲೂ ಅಲ್ಲಿದ್ದಿರಬಹುದು.

ಮರಿಗಳು ದೂರ ಹೋಗದ ಕಾರಣಕ್ಕೇ ಇನ್ನೊಂದು ಮಾತು ಹೇಳಬೇಕು. ಒಂದು ಬಿಲ ಇದ್ದಲ್ಲಿ ಸುತ್ತ ಹತ್ತಾರು ಬಿಲ ಇರುತ್ತವೆ, ಅವೆಲ್ಲ ಒಂದೇ ವಂಶದವೂ ಇದ್ದಾವು. ಹಾಗಾಗಿ ಜೆಸಿಬಿ ತಂದು ಇಡೀ ಧರೆಯನ್ನು ಒಂದೇ ಮಧ್ಯಾಹ್ನ ಕೆರೆದು ನುಣ್ಣಗೆ ಮಾಡಿದರೆ, ಒಂದು ಜೇಡ ಹೋಗುವುದಿಲ್ಲ, ಆ ಊರಿನ ಅಷ್ಟೂ ಜೇಡ ಹೋಗುತ್ತವೆ. ಪಕ್ಕದ ಊರಿಂದ ಮತ್ತೆ ಬಂದು ನೆಲೆಸಲು ಅವಕ್ಕೆ ರೆಕ್ಕೆಯಿಲ್ಲ. ಘಟ್ಟದ ರಸ್ತೆಗಳನ್ನು ಅಗಲ ಮಾಡುವಾಗ ನನಗೆ ಅತಿ ಹೆಚ್ಚು ಸಂಕಟವಾಗುವುದು ಇದಕ್ಕೇ. ಮರ ಕಡಿದರೆ ಬುಡ ಕಾಣುತ್ತದೆ, ಯಾರಾದರೂ ಕೇಳುತ್ತಾರೆ. ಧರೆ ಕೆರೆದಾಗ ಹೋದದ್ದೇನೆಂದು ಕೇಳುವವರೇ ಇರುವುದಿಲ್ಲ. ನಿಮ್ಮ ದಾರಿ ಅಗಲವಾಗಬೇಕು, ಅದು ನಿಮ್ಮ ದಿನನಿತ್ಯದ ಅಗತ್ಯ, ನಾನು ಬೇಡವೆನ್ನುವುದಿಲ್ಲ. ಸಾಧ್ಯವಾದರೆ ಎದುರು ಬದಿಯಲ್ಲಿ ಅಗಲ ಮಾಡಿ. ಆಗದಿದ್ದರೆ ಬಿಲಗಳಿರುವ ಭಾಗವನ್ನು ಬಿಟ್ಟು ಉಳಿದದ್ದನ್ನು ಕಡಿಸಿ.

ಕಡಿತದ ಭಯವೂ ಇದ್ದೇ ಇರುತ್ತದೆ, ಮಕ್ಕಳಿರುವ ಮನೆ. ಗಂಟು ಹಿಡಿದ ಹೆಣ್ಣು ಬೇರೆ ದಿನಗಳಿಗಿಂತ ಸಿಡುಕಿ ನಿಜ. ಹತ್ತಿರ ಕಡ್ಡಿ ಬಂದರೆ ಮುಂಗಾಲೆತ್ತಿ, ಹಲ್ಲು ತೆರೆದು ನಿಲ್ಲುತ್ತದೆ. ಆದರೆ ಬಿಲ ಬಿಟ್ಟು ಹೊರಗೆ ಬಂದು ಅಟ್ಟಿಸಿಕೊಂಡು ಕಚ್ಚುವುದಿಲ್ಲ, ಗಂಟು ಬಿಟ್ಟು ಬರುವ ಪ್ರಶ್ನೆಯೇ ಇಲ್ಲ. ಬಿಲದೊಳಗೆ ಬೆರಳು ಹಾಕಿದವರಿಗೆ ಮಾತ್ರ ಅಪಾಯ. ಕಚ್ಚಿದರೆ ನೋವು, ಬಾವು ಬರುತ್ತದೆ. ಮರದ ಪೊಯಿಸಿಲೊಥೀರಿಯಾಗಳ ಕಡಿತದಲ್ಲಿ ಸ್ನಾಯು ಸೆಳೆತ ಕೆಲವು ದಿನ ಕಾಡುವುದೂ ಇದೆ. ಹಾಗಾದರೆ ಸೋಪು ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿ, ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ. ಮಕ್ಕಳಿಗೆ ದೂರದಿಂದ ತೋರಿಸಿ. ರಾತ್ರಿ ಬಿಳಿ ಬೆಳಕಿನ ಬದಲು ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ ನೋಡಿದರೆ ಅದಕ್ಕೆ ಅಷ್ಟು ಗಾಬರಿಯಾಗುವುದಿಲ್ಲ. ಒಂದು ನಿಮಿಷಕ್ಕಿಂತ ಹೆಚ್ಚು ಬೇಡ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಫೋಟೊವನ್ನು ವಾಟ್ಸಾಪ್, ಫೇಸ್‌ಬುಕ್ಕಿಗೆ ಹಾಕುವುದಾದರೆ ಊರು, ತೋಟದ ಹೆಸರು, ಲೊಕೇಶನ್ ಹಾಕಬೇಡಿ. ನಮ್ಮ ದೇಶದ ಟಾರಂಟುಲಾಗಳಿಗೆ ಹೊರದೇಶದ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ದೊಡ್ಡ ಬೇಡಿಕೆಯಿದೆ. ಆಂಧ್ರದ ನಂದ್ಯಾಲ ಗಿದ್ದಲೂರು ನಡುವಿನ ಸಣ್ಣ ಕಾಡಿನ ನೀಲಿ ಪೊಯಿಸಿಲೊಥೀರಿಯಾ ಮೆಟಾಲಿಕಾ ಅದಕ್ಕೆ ದೊಡ್ಡ ಉದಾಹರಣೆ. ಕಾಡಿನಲ್ಲಿ ಅಳಿವಿನಂಚಿನಲ್ಲಿದೆ, ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಬೇಕಾದಷ್ಟಿದೆ. 2019ರಲ್ಲಿ ಆ ಇಡೀ ಕುಲವನ್ನು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಧರೆಯ ಜೇಡಗಳಿಗೆ ಅಷ್ಟೂ ಕಾವಲಿಲ್ಲ. ಗಂಟು ಹಿಡಿದ ಒಂದು ಹೆಣ್ಣು ಕಳ್ಳರ ಪಾಲಿಗೆ ನೂರು ಜೇಡಕ್ಕೆ ಸಮ.

ಇನ್ನು ಎಷ್ಟು ದಿನ ಕಾಯಬೇಕು ಎಂಬುದು. ಗಂಟು ನಿಮ್ಮ ಕಣ್ಣಿಗೆ ಬಿದ್ದ ದಿನ ಅದು ಎಷ್ಟು ಹಳೆಯದೆಂದು ಹೇಳಲಾಗದು, ಆದ್ದರಿಂದ ಎರಡೂವರೆ ಮೂರು ತಿಂಗಳು ಎಂದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಗಂಟು ಸಡಿಲಾಗಿ ಜೋಲತೊಡಗಿದರೆ ಮರಿ ಹೊರಡುವ ಕಾಲ ಹತ್ತಿರ ಬಂತು. ಆಮೇಲೊಂದು ದಿನ ಬಿಲದ ಬಾಯಲ್ಲಿ, ಒಗೆದು ಹಿಂಡಿ ಬಿಸಾಡಿದ ಹತ್ತಿ ಬಟ್ಟೆಯ ಚೂರಿನಂಥದ್ದು ಬಿದ್ದಿರುವುದು ಕಾಣುತ್ತದೆ. ಅದು ತಾಯಿ ಹೊರಗೆ ತಳ್ಳಿದ ಖಾಲಿ ಚೀಲ. ಅದು ಕಂಡ ಮೇಲೂ ಎರಡು ಮೂರು ವಾರ ಬಿಡಿ, ಮರಿಗಳು ಬಿಲದಿಂದ ಹೊರಟು ಹೋಗಲಿ. ಆ ಖಾಲಿ ಚೀಲವನ್ನು ಬೇಕಾದರೆ ಎತ್ತಿಕೊಳ್ಳಿ, ಅಷ್ಟು ಹೊತ್ತಿಗೆ ಅದು ತಾಯಿಗೆ ಬೇಕಿಲ್ಲ. ಬೆಳಕಿಗೆ ಹಿಡಿದು ಬಿಡಿಸಿ ನೋಡಿದರೆ ಒಳಗೆ ಮರಿಗಳು ಬಿಟ್ಟುಹೋದ ಪೊರೆಗಳು, ಎಂಟೂ ಕಾಲುಗಳ ಗುರುತಿನ ಸಮೇತ, ತೌಡಿನ ಹಾಗೆ ಉದುರುತ್ತವೆ.